ಜಮಖಾನೆಯೂ ಉಳಿಯಲಿ, ಬೆಕ್ಕೂ ಬಾಳಲಿ

ಧಾನ್ಯದ ವ್ಯಾಪಾರವಿರುವ ಮನೆಗೆ ಬೆಕ್ಕು ಕರೆಯದೆಯೇ ಬರುತ್ತದೆ. ಮಕ್ಕಳ ಅಕ್ಕರೆಯಿಂದ ಮನೆಯದೇ ಆಗುತ್ತದೆ. ಆದರೆ ನಡುಮನೆಯ ನವಲಗುಂದದ ಜಮಖಾನೆಯ ಎಳೆ ಕಿತ್ತು ಬಂದ ದಿನ ಹಿರಿಯರ ಕೈಗೆ ಕೋಲು ಬರುತ್ತದೆ.

ನಾವು ಒಂದು ಮಾತು ತಿಳಿದಿರಬೇಕು. ಬೆಕ್ಕು ಕೆರೆಯುವುದು ತುಂಟತನದಿಂದಲ್ಲ. ಉಗುರಿನ ಹಳೆಯ ಪೊರೆ ಕಳಚಲು, ಮೈ ಮುರಿಯಲು, ಪಾದದ ವಾಸನೆಯನ್ನು ಗುರುತಾಗಿ ಬಿಡಲು ಕೆರೆಯುತ್ತದೆ. ಹೊಡೆದರೆ ಹೆದರೀತು, ಹುಟ್ಟುಗುಣ ಬಿಡಲಾರದು.

ಆದ್ದರಿಂದ ಕೆರೆಯಲು ಬೇರೆ ಜಾಗ ಕೊಡೋಣ. ಭಾರವಾದ ಹಲಗೆಗೆ ಗೋಣಿತಟ್ಟು ಬಿಗಿದು, ಅದು ಕೆರೆಯುವ ಜಾಗದಲ್ಲೇ ಇಡಬೇಕು. ನಿಂತು ಕೆರೆಯುವ ಬೆಕ್ಕಿಗೆ ಸುಮಾರು 3 ಅಡಿ ಎತ್ತರದ, ಅಲುಗಾಡದ ಕಂಬಕ್ಕೆ ಕತ್ತಾಳೆ ಹಗ್ಗ ಸುತ್ತಿದರಾಯಿತು. ಅಲ್ಲಿ ಕೆರೆದಾಗ ತುಸು ತಿನಿಸು ಕೊಟ್ಟರೆ ರೂಢಿಯಾಗುತ್ತದೆ. ಉಗುರಿನ ಚೂಪು ತುದಿಯನ್ನಷ್ಟೇ ಕತ್ತರಿಸಬಹುದು. ಒಳಗಿನ ಗುಲಾಬಿ ಭಾಗದಲ್ಲಿ ರಕ್ತನಾಳವಿದೆ, ಅದನ್ನು ಮುಟ್ಟಬಾರದು.

ಬೆಕ್ಕು ದೂರವಿರಲೆಂದು ಜಮಖಾನೆಯ ಕೆಳಗೆ ನುಸಿಗುಳಿಗೆ ಇಡುವುದು, ಫಿನಾಯಿಲ್ ಚಿಮುಕಿಸುವುದು ಮಾತ್ರ ಬೇಡವೇ ಬೇಡ. ಎರಡೂ ಬೆಕ್ಕಿಗೆ ವಿಷ. ಕಾಲಿಗೆ ಅಂಟಿದ ಫಿನಾಯಿಲನ್ನು ಅದು ನೆಕ್ಕಿದರೆ ಜೀವಕ್ಕೇ ಅಪಾಯ. ಹರಿದ ಜಮಖಾನೆಯನ್ನು ಹೊಲಿಸಬಹುದು. ಹೋದ ಜೀವವನ್ನು ತರಲಾಗದು.