ಹಳದಿಯೋ ನೀಲಿಯೋ: ಪಂದ್ಯಕ್ಕೆ ಮುಂಚೆ ಲೆಕ್ಕ ಸರಿಯಾಗಿ ಹಾಕೋಣ

ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಪಂದ್ಯ ಹತ್ತಿರ ಬಂತೆಂದರೆ ನಮ್ಮ ಕರಾವಳಿಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಎರಡು ದಿನ ಮೊದಲೇ ಕಾವು ಏರುತ್ತದೆ. ಬೆಂಗಳೂರು ಕಡೆಯವರು ಕಪ್‌ಗಳ ಫೋಟೊ ಹಾಕ್ತಾರೆ. ಬ್ಲಾಸ್ಟರ್ಸ್ ಕಡೆಯವರು ತುಂಬಿ ತುಳುಕುವ ಕಲೂರು ಸ್ಟೇಡಿಯಂನ ವೀಡಿಯೊ ಹಾಕ್ತಾರೆ. ಉಳಿದ ಊರುಗಳಲ್ಲಿ ಇದು ಎರಡು ರಾಜ್ಯಗಳ ಜಗಳ. ನಮ್ಮಲ್ಲಿ ಮಾತ್ರ ಮನೆಯೊಳಗಿನ ಜಗಳ. ತಲಪಾಡಿಯ ಈಚೆ ಮನೆ, ಆಚೆ ಮಂಜೇಶ್ವರ, ಉಪ್ಪಳದಲ್ಲಿ ನೆಂಟರು. ಅಣ್ಣ ಬೆಂಗಳೂರಲ್ಲಿ ಕೆಲಸಕ್ಕಿದ್ದು ನೀಲಿ ಜೆರ್ಸಿ ಹಾಕಿದರೆ ತಮ್ಮ ಹಳದಿ ಜೆರ್ಸಿಯಲ್ಲಿ ಕೂತಿರ್ತಾನೆ.

ಜಗಳ ಇರಲಿ, ಅದೇ ಫುಟ್ಬಾಲ್‌ನ ಉಪ್ಪು. ಆದರೆ ‘ನಮ್ಮ ಕ್ಲಬ್ ಮುಂದೆ ಹೋಗಿದೆ, ನಿಮ್ಮದು ಅಲ್ಲೇ ಇದೆ’ ಎಂದು ಹೇಳುವಾಗ ಯಾವ ಅಳತೆಗೋಲು ಹಿಡಿದು ಹೇಳ್ತಿದ್ದೇವೆ? ಹೆಚ್ಚಿನವರು ಕೈಗೆ ಸಿಕ್ಕಿದ್ದನ್ನು, ತಮಗೆ ಅನುಕೂಲವಾದದ್ದನ್ನು ಹಿಡಿಯುತ್ತಾರೆ. ಅಂಕಿಗಳನ್ನು ಪೂರ್ತಿ ಹರಡಿ ನೋಡಿದರೆ ಎರಡೂ ಕಡೆಯವರಿಗೆ ಸ್ವಲ್ಪ ಇರುಸುಮುರುಸು ಆಗುವಂಥ ಸಂಗತಿಗಳು ಸಿಗುತ್ತವೆ.

ಮೊದಲು ಹುಟ್ಟಿನ ವಿಚಾರ. ಬೆಂಗಳೂರು ಎಫ್‌ಸಿ 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಕಟ್ಟಿದ ಕ್ಲಬ್. ಆಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಛೆಟ್ರಿ ನಾಯಕ. ಕಾಲಿಟ್ಟ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ ಅದು, ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ ಎದುರು 1-0ರಲ್ಲಿ ಸೋತಿತು. ಬ್ಲಾಸ್ಟರ್ಸ್ ಹುಟ್ಟಿದ್ದು 2014ರಲ್ಲಿ, ಐಎಸ್‌ಎಲ್ ಜೊತೆಗೇ, ಸಚಿನ್ ತೆಂಡೂಲ್ಕರ್ ಸಹ ಮಾಲೀಕತ್ವದಲ್ಲಿ. ಆ ಮೊದಲ ವರ್ಷವೇ ಫೈನಲ್, 2016ರಲ್ಲಿ ಕೊಚ್ಚಿಯಲ್ಲೇ ಇನ್ನೊಂದು ಫೈನಲ್, 2022ರಲ್ಲಿ ಗೋವಾದಲ್ಲಿ ಮತ್ತೊಂದು. ಮೂರರಲ್ಲೂ ಸೋಲು, ಅದರಲ್ಲಿ ಎರಡು ಪೆನಾಲ್ಟಿ ಶೂಟೌಟ್‌ನಲ್ಲಿ. 2016ರ ಫೈನಲ್‌ನಲ್ಲಿ ಬ್ಲಾಸ್ಟರ್ಸ್‌ಗೆ ಹೆಡರ್ ಗೋಲು ಹೊಡೆದದ್ದು ಕಾಸರಗೋಡು ಜಿಲ್ಲೆಯ ತ್ರಿಕ್ಕರಿಪುರದ ಮುಹಮ್ಮದ್ ರಾಫಿ. ಆ ಕಡೆಯವರು ಹಳದಿಯನ್ನು ಸುಮ್ಮನೆ ಹಿಡಿದುಕೊಂಡದ್ದಲ್ಲ.

ಬೆಂಗಳೂರು ಐಎಸ್‌ಎಲ್‌ಗೆ ಬಂದದ್ದು 2017-18ರಲ್ಲಿ. ಆ ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ನಡೆದ ಮೊದಲ ಮುಖಾಮುಖಿಯಲ್ಲಿ 3-1ರಿಂದ ಗೆದ್ದು ಹೊಸ ವರ್ಷದ ಸಂಭ್ರಮ ಕೆಡಿಸಿತು. ಅಲ್ಲಿಂದ 2024-25ರವರೆಗೆ 8 ಪೂರ್ಣ ಋತುಗಳು. ನನ್ನ ಲೆಕ್ಕ ಇಷ್ಟಕ್ಕೇ. 2025ರ ಜುಲೈಯಲ್ಲಿ ಲೀಗೇ ತಡೆಹಿಡಿಯಲ್ಪಟ್ಟು, ಆಮೇಲೆ ತಡವಾಗಿ, ಮೊಟಕಾಗಿ ನಡೆದ ಋತುವನ್ನು ಇದರ ಜೊತೆ ಬೆರೆಸಿದರೆ ಅಳತೆ ಕೆಡುತ್ತದೆ.

ಪಂದ್ಯದ ಮುಂಚೆ ಎಲ್ಲರೂ ಮೊದಲು ಎತ್ತುವುದು ಮುಖಾಮುಖಿ ದಾಖಲೆಯನ್ನು. ಪ್ಲೇಆಫ್ ಸೇರಿ ಈ 8 ಋತುಗಳಲ್ಲಿ ಐಎಸ್‌ಎಲ್‌ನಲ್ಲಿ 17 ಬಾರಿ ಆಡಿದ್ದಾರೆ. ಬೆಂಗಳೂರು 11, ಬ್ಲಾಸ್ಟರ್ಸ್ 4, ಡ್ರಾ 2. ಇಷ್ಟು ಹೇಳಿ ನೀಲಿ ಪಾಳಯದವರು ಫೋನ್ ಕೆಳಗಿಡ್ತಾರೆ. ಆದರೆ ಎಲ್ಲಿ ಆಡಿದ್ದು ಎಂದು ಕೇಳಿ ನೋಡಿ. ಕಂಠೀರವದಲ್ಲಿ 7 ಪಂದ್ಯ, ಬೆಂಗಳೂರಿಗೆ 6 ಗೆಲುವು, 1 ಡ್ರಾ. ಬ್ಲಾಸ್ಟರ್ಸ್ ಅಲ್ಲಿ ಒಮ್ಮೆಯೂ ಗೆದ್ದಿಲ್ಲ. ಕೊಚ್ಚಿಯಲ್ಲಿ 6 ಪಂದ್ಯ, ಸರಿಯಾಗಿ 3-3. ಕೋವಿಡ್ ಸಮಯದಲ್ಲಿ ಎಲ್ಲ ಪಂದ್ಯಗಳೂ ಗೋವಾದ ಖಾಲಿ ಮೈದಾನಗಳಲ್ಲಿ ನಡೆದವಲ್ಲ, ಅಲ್ಲಿ 4ರಲ್ಲಿ ಬೆಂಗಳೂರಿಗೆ 2, ಬ್ಲಾಸ್ಟರ್ಸ್‌ಗೆ 1, ಡ್ರಾ 1. ಆ ಡ್ರಾ ಒಂದು ತಮಾಷೆ: 1-1ರ ಎರಡೂ ಗೋಲು ಬೆಂಗಳೂರಿನಲ್ಲಿದ್ದ ಮಲಪ್ಪುರಂ ಹುಡುಗ ಆಶಿಕ್ ಕುರುಣಿಯನ್‌ದೇ, ಒಂದು ಎದುರಾಳಿ ಬಲೆಗೆ, ಇನ್ನೊಂದು ತನ್ನದೇ ಬಲೆಗೆ.

ಹಾಗಾದರೆ 11-4 ಎಂಬ ಅಂತರದ ದೊಡ್ಡ ಪಾಲು ಒಂದೇ ಮೈದಾನದಲ್ಲಿ ಹುಟ್ಟಿದ್ದು. ಕಂಠೀರವ ಬಿಟ್ಟು ನೋಡಿದರೆ 5-4. ಮುಂದಿನ ಪಂದ್ಯ ಕೊಚ್ಚಿಯಲ್ಲಿದ್ದರೆ 11-4 ಹೇಳಿ ಪಂಥ ಕಟ್ಟುವವನಿಗೆ ಈ ಮಾತು ಗೊತ್ತಿರಬೇಕು. (ಪಂಥ ಎಂದರೆ ಮಾತಿನ ಪಂಥ ಮಾತ್ರ. ಬೆಟ್ಟಿಂಗ್ ಆ್ಯಪ್‌ಗಳಲ್ಲಿ ದುಡ್ಡು ಕಳಕೊಂಡವರ ಕತೆ ನಮ್ಮ ಊರುಗಳಲ್ಲಿ ಬೇಕಾದಷ್ಟಿದೆ.)

ಇನ್ನು ಪ್ರಗತಿ. ಒಂದು ಕ್ಲಬ್ ಮುಂದೆ ಹೋಗ್ತಾ ಇದೆಯಾ ಎಂದು ತಿಳಿಯಲು ವರ್ಷಕ್ಕೆ ಎರಡೇ ಸಲ ನಡೆಯುವ ಡರ್ಬಿ ಸಾಕಾಗುವುದಿಲ್ಲ. ಲೀಗ್ ಪಾಯಿಂಟ್ ನೋಡಬೇಕು. ಅದರಲ್ಲೂ ಒಂದು ಬಲೆ ಇದೆ: ತಂಡಗಳು ಹೆಚ್ಚಾದ ಹಾಗೆ ಪಂದ್ಯಗಳೂ ಹೆಚ್ಚಾದವು. ಮೊದಲ ಮೂರು ಋತುಗಳಲ್ಲಿ 18, ಮುಂದಿನ ಮೂರರಲ್ಲಿ 20, 2023-24ರಲ್ಲಿ 22, 2024-25ರಲ್ಲಿ 24. ಹಾಗಾಗಿ 34 ಪಾಯಿಂಟ್ ಎಂದರೆ ಯಾವಾಗಲೂ ಒಂದೇ ಅಲ್ಲ. 2018-19ರಲ್ಲಿ ಬೆಂಗಳೂರು 34 ಪಾಯಿಂಟ್ ತೆಗೆದು ಮೊದಲ ಸ್ಥಾನದಲ್ಲಿತ್ತು, ಪಂದ್ಯಕ್ಕೆ 1.89. 2022-23ರಲ್ಲಿ ಅದೇ 34ಕ್ಕೆ ನಾಲ್ಕನೇ ಸ್ಥಾನ, ಪಂದ್ಯಕ್ಕೆ 1.70. ಪಾಯಿಂಟನ್ನು ಪಂದ್ಯಗಳ ಸಂಖ್ಯೆಯಿಂದ ಭಾಗಿಸದೆ ವರ್ಷ ವರ್ಷಕ್ಕೆ ಹೋಲಿಸುವುದು, ಗಲ್ಫ್‌ನ ಸಂಬಳವನ್ನು ರೂಪಾಯಿಗೆ ತಿರುಗಿಸದೆ ಊರಿನ ಸಂಬಳದ ಜೊತೆ ಹೋಲಿಸಿದ ಹಾಗೆ.

ಬೆಂಗಳೂರಿನ 8 ಋತುಗಳ ಪಾಯಿಂಟ್ ಕ್ರಮವಾಗಿ 40, 34, 30, 22, 29, 34, 22, 38. ಬ್ಲಾಸ್ಟರ್ಸ್‌ನದು 25, 15, 19, 17, 34, 31, 33, 29. ಒಟ್ಟು 249 ಮತ್ತು 203. ಬೆಂಗಳೂರು 46 ಮುಂದೆ. ಸರಿ, ಇದನ್ನು ನಡುವಿಗೆ ಮುರಿಯಿರಿ. ಮೊದಲ ನಾಲ್ಕು ಋತುಗಳಲ್ಲಿ ಬೆಂಗಳೂರು 126, ಬ್ಲಾಸ್ಟರ್ಸ್ 76. ಕೊನೆಯ ನಾಲ್ಕರಲ್ಲಿ ಬೆಂಗಳೂರು 123, ಬ್ಲಾಸ್ಟರ್ಸ್ 127.

ಹೌದು, ಸರಿಯಾಗೇ ಓದಿದ್ದೀರಿ. 2021-22ರಿಂದ 2024-25ರವರೆಗೆ ಲೀಗ್‌ನಲ್ಲಿ ಬ್ಲಾಸ್ಟರ್ಸ್ ಹೆಚ್ಚು ಪಾಯಿಂಟ್ ತೆಗೆದಿದೆ. ಪಂದ್ಯಕ್ಕೆ 1.03 ಇದ್ದದ್ದು 1.48 ಆಯಿತು, ಬೆಂಗಳೂರಿನದು 1.70ರಿಂದ 1.43ಕ್ಕೆ ಇಳಿಯಿತು. ಇವಾನ್ ವುಕೊಮನೊವಿಚ್ ಕೋಚ್ ಆಗಿದ್ದ ಮೂರು ಋತುಗಳೇ ಈ ಬದಲಾವಣೆಯ ಬೆನ್ನೆಲುಬು, ಮೂರರಲ್ಲೂ ಪ್ಲೇಆಫ್. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ನಾಲ್ಕು ಋತುಗಳಲ್ಲಿ ಇಬ್ಬರೂ ಪರಸ್ಪರ ಆಡಿದ 8 ಲೀಗ್ ಪಂದ್ಯಗಳನ್ನು ತೆಗೆದುಬಿಡಿ. ಅವುಗಳಲ್ಲಿ ಬೆಂಗಳೂರಿಗೆ ಸಿಕ್ಕಿದ್ದು 16 ಪಾಯಿಂಟ್, ಬ್ಲಾಸ್ಟರ್ಸ್‌ಗೆ 7. ಉಳಿದ 78 ಪಂದ್ಯಗಳಲ್ಲಿ ಬೆಂಗಳೂರು 107, ಬ್ಲಾಸ್ಟರ್ಸ್ 120. ಬೇರೆಯವರ ಮೇಲೆ ಚೆನ್ನಾಗಿ ಆಡಿದ ತಂಡ ಒಂದು, ಅದನ್ನೇ ಹಿಡಿದು ಸೋಲಿಸಿದ ತಂಡ ಇನ್ನೊಂದು. ಡರ್ಬಿ ಗೆದ್ದವರೇ ಪ್ರಗತಿ ಮಾಡಿದವರು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಬ್ಲಾಸ್ಟರ್ಸ್ ಅಭಿಮಾನಿಗಳು ಈಗಲೇ ಇದನ್ನು ಸ್ಕ್ರೀನ್‌ಶಾಟ್ ತೆಗೆಯಬೇಡಿ, ಇನ್ನೂ ಮುಗಿದಿಲ್ಲ. ಅದೇ ನಾಲ್ಕು ವರ್ಷಗಳಲ್ಲಿ ಬೆಂಗಳೂರು 2022ರ ಡ್ಯುರಾಂಡ್ ಕಪ್ ಗೆದ್ದಿತು, 2023 ಮತ್ತು 2025ರಲ್ಲಿ ಐಎಸ್‌ಎಲ್ ಫೈನಲ್ ಆಡಿತು, 2023ರ ಸೂಪರ್ ಕಪ್ ಫೈನಲ್ ಕೂಡ. ಡ್ಯುರಾಂಡ್ ಬಿಟ್ಟು ಎಲ್ಲದರಲ್ಲೂ ಸೋತಿತು, ಅದು ಬೇರೆ. ಅದಕ್ಕೂ ಮುಂಚೆ 2018ರ ಸೂಪರ್ ಕಪ್, 2019ರಲ್ಲಿ ಮುಂಬೈಯಲ್ಲಿ ರಾಹುಲ್ ಭೇಕೆ 117ನೇ ನಿಮಿಷದಲ್ಲಿ ಹೊಡೆದ ಗೋಲಿನಿಂದ ಬಂದ ಐಎಸ್‌ಎಲ್ ಕಪ್. ಬ್ಲಾಸ್ಟರ್ಸ್‌ನ ಕಪಾಟಿನಲ್ಲಿ 2024-25 ಮುಗಿಯುವವರೆಗೂ ಒಂದೂ ದೊಡ್ಡ ಕಪ್ ಇಲ್ಲ. ಲೀಗ್ ಪಾಯಿಂಟ್ ತಂಡದ ಆರೋಗ್ಯ ಹೇಳುತ್ತದೆ. ಕಪ್ ಗೆಲ್ಲಲು ಮಾರ್ಚ್-ಏಪ್ರಿಲ್‌ನ ಆ ಎರಡು ವಾರ ಗಟ್ಟಿಯಾಗಿರಬೇಕು. 2022-23ರಲ್ಲಿ ಬೆಂಗಳೂರು ಮೊದಲರ್ಧ ಹೀನಾಯವಾಗಿ ಆಡಿ, ಲೀಗ್‌ನ ಕೊನೆಯ 8 ಪಂದ್ಯ ಸತತ ಗೆದ್ದು ಮೇಲೆ ಬಂದದ್ದು. ನನ್ನ ಮಟ್ಟಿಗೆ, ಬೆಂಗಳೂರು ಏರಿಳಿತ ಜಾಸ್ತಿ ಇರುವ ಕ್ಲಬ್ (ಹತ್ತನೇ ಸ್ಥಾನದಿಂದ ಮರುವರ್ಷವೇ ಮೂರನೇ ಸ್ಥಾನ), ಬ್ಲಾಸ್ಟರ್ಸ್ ಒಂದು ಮಟ್ಟಕ್ಕೆ ಏರಿ ಅಲ್ಲಿಂದ ಮೇಲೆ ಹತ್ತಲು ಆಗದ ಕ್ಲಬ್.

2023ರ ಮಾರ್ಚ್ 3ರ ರಾತ್ರಿಯನ್ನು ಬಿಟ್ಟು ಈ ವಿಷಯ ಮಾತಾಡಲು ಆಗುವುದಿಲ್ಲ. ಬೆಂಗಳೂರು 34 ಪಾಯಿಂಟ್‌ನಿಂದ ನಾಲ್ಕನೆಯದು, ಬ್ಲಾಸ್ಟರ್ಸ್ 31ರಿಂದ ಐದನೆಯದು. ಮೇಲಿನ ಸ್ಥಾನದವರಿಗೆ ತವರು ಮೈದಾನ ಎಂಬುದು ನಿಯಮ. ಆ 3 ಪಾಯಿಂಟ್ ಪಂದ್ಯವನ್ನು ಕಂಠೀರವಕ್ಕೆ ತಂದಿತು. 90 ನಿಮಿಷ 0-0. ಹೆಚ್ಚುವರಿ ಸಮಯದಲ್ಲಿ, 96ನೇ ನಿಮಿಷ, ಬ್ಲಾಸ್ಟರ್ಸ್ ಗೋಡೆ ಕಟ್ಟುವ ಮೊದಲೇ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ರೆಫರಿ ಗೋಲು ಕೊಟ್ಟರು. ವುಕೊಮನೊವಿಚ್ ಆಟಗಾರರನ್ನು ಹೊರಗೆ ಕರೆದರು, ತಂಡ ತಿರುಗಿ ಬರಲಿಲ್ಲ. ಫುಟ್ಬಾಲ್ ನಿಯಮ ಹೇಳುವುದು ಇಷ್ಟೇ: ಎದುರಾಳಿ 9.15 ಮೀಟರ್ ದೂರ ನಿಲ್ಲಬೇಕು, ಆದರೆ ಹೊಡೆಯುವವನು ಅದಕ್ಕೆ ಕಾಯಲೇಬೇಕು ಎಂದೇನಿಲ್ಲ. ರೆಫರಿ ‘ಸೀಟಿ ಊದಿದ ಮೇಲೆ ಹೊಡಿ’ ಎಂದು ಸೂಚಿಸಿದರೆ ಮಾತ್ರ ಕಾಯಬೇಕು. ಹಾಗೆ ಸೂಚಿಸಿದರೋ ಇಲ್ಲವೋ ಎಂಬ ಒಂದೇ ಪ್ರಶ್ನೆಯ ಮೇಲೆ ಅಂದಿನಿಂದ ಇಂದಿನವರೆಗೆ ಜಗಳ ನಡೀತಾ ಇದೆ. ಎಐಎಫ್‌ಎಫ್ ಶಿಸ್ತು ಸಮಿತಿ ಬ್ಲಾಸ್ಟರ್ಸ್ ದೂರನ್ನು ತಳ್ಳಿಹಾಕಿ, ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ರೂಪಾಯಿ ದಂಡ ಹಾಕಿತು.

ಗೋಲು ಸರಿಯೋ ತಪ್ಪೋ ಎಂದು ಕಿತ್ತಾಡುವವರು ಆಮೇಲೆ ನಡೆದದ್ದನ್ನು ಹೆಚ್ಚಾಗಿ ಮರೆಯುತ್ತಾರೆ. ಅದೇ ವರ್ಷ ಜೂನ್‌ನಲ್ಲಿ ಬ್ಲಾಸ್ಟರ್ಸ್ ತನ್ನ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ದಂಡದ ಹೊರೆಯೇ ಕಾರಣ ಎಂದು ಕ್ಲಬ್ ಹೇಳಿತು. ಕಂಠೀರವದಿಂದ ಹೊರಟುಹೋದದ್ದು ಪುರುಷರ ತಂಡ, ಆಟ ಕಳೆದುಕೊಂಡದ್ದು ಹುಡುಗಿಯರು. ಕ್ಲಬ್‌ನ ಪ್ರಗತಿ ಅಳೆಯುವಾಗ ಇದನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಹಾಗೆ ನೋಡಿದರೆ ಒಂದು ಕ್ಲಬ್ ನಾಳೆಯೂ ಇರುತ್ತದೆಯೇ ಎಂಬುದೇ ದೊಡ್ಡ ಅಳತೆ. ಇದು ಚೆನ್ನಾಗಿ ಅರ್ಥವಾಗಬೇಕಾದರೆ ಕನ್ನಡದ ಇನ್ನೊಂದು ಗಡಿಗೆ, ಆದೋನಿ ಕಡೆಗೆ ಹೋಗಬೇಕು. ನಮ್ಮ ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋದ ಹಾಗೆ, ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು ತಾಲೂಕುಗಳು 1953ರಲ್ಲಿ ಆಂಧ್ರಕ್ಕೆ ಹೋದವು. ಕರ್ನೂಲು ಜಿಲ್ಲೆಯ ಆ ಪಶ್ಚಿಮ ಅಂಚಿನಲ್ಲಿ ಇಂದಿಗೂ ಕನ್ನಡ ಮಾತಾಡುವವರಿದ್ದಾರೆ. ಕಾಸರಗೋಡಿನವನಿಗೆ ರಾಜ್ಯದ ಲೆಕ್ಕದಲ್ಲಿ ಹಳದಿ, ಭಾಷೆಯ ಲೆಕ್ಕದಲ್ಲಿ ನೀಲಿ ಎಂದು ಎರಡು ಆಯ್ಕೆ ಇದೆ. ಆದೋನಿಯವನಿಗೆ? ಆಂಧ್ರಪ್ರದೇಶಕ್ಕೆ ಐಎಸ್‌ಎಲ್ ಕ್ಲಬ್ ಇಲ್ಲ. ತೆಲುಗು ನಾಡಿನದೆಂದು ಹೇಳಿಕೊಳ್ಳಲು ಇದ್ದದ್ದು 2019ರಲ್ಲಿ ಶುರುವಾದ ಹೈದರಾಬಾದ್ ಎಫ್‌ಸಿ. 2022ರಲ್ಲಿ ಬ್ಲಾಸ್ಟರ್ಸ್‌ನ್ನೇ ಫೈನಲ್‌ನಲ್ಲಿ ಸೋಲಿಸಿ ಚಾಂಪಿಯನ್ ಆದ ತಂಡ. ಆಮೇಲೆ ಹಣದ ಸಂಕಷ್ಟ, ಸಂಬಳ ಬಾಕಿ, ಆಟಗಾರರು ಒಬ್ಬೊಬ್ಬರಾಗಿ ಖಾಲಿ. 2025ರಲ್ಲಿ ಕ್ಲಬ್ ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಆಯಿತು. ಮೂರು ವರ್ಷದ ಹಿಂದಿನ ಚಾಂಪಿಯನ್‌ಗೆ ಹೆಸರೂ ಇಲ್ಲ, ಊರೂ ಇಲ್ಲ.

ನಮ್ಮವೇನೂ ಕಲ್ಲಿನ ಕೋಟೆಯಲ್ಲ. ಲೀಗ್ ನಿಂತ ಆ 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಕೂಡ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟವಾಗಿ ತಡೆಹಿಡಿಯಿತು. ಆದರೆ ಅಕಾಡೆಮಿಯನ್ನು, ಮಕ್ಕಳ ತಂಡಗಳನ್ನು ಮುಂದುವರಿಸುತ್ತೇವೆ ಎಂದಿತು. ಆ ವಸತಿ ಅಕಾಡೆಮಿ ಇರುವುದು ಬಳ್ಳಾರಿ ಜಿಲ್ಲೆಯಲ್ಲಿ, ಜೆಎಸ್‌ಡಬ್ಲ್ಯುನವರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಆದೋನಿಯ ಹುಡುಗನಿಗೆ ಅದು ಬೆಂಗಳೂರಿಗಿಂತಲೂ ಹೈದರಾಬಾದಿಗಿಂತಲೂ ಹತ್ತಿರ. ನಮ್ಮ ಉಳ್ಳಾಲ, ಬಂಟ್ವಾಳದ ಹುಡುಗರಿಗೆ ಘಟ್ಟ ಹತ್ತಿ ಹೋಗಬೇಕು, ಆದರೂ ದಾರಿ ಇದೆ.

ಈ ಅಕಾಡೆಮಿ ಲೆಕ್ಕವನ್ನು ಅಭಿಮಾನಿಗಳು ಹಾಕುವುದು ಕಡಿಮೆ. 2022ರಲ್ಲಿ ಯುವ ಆಟಗಾರರಿಗಾಗಿ ಮೊದಲ ಬಾರಿ ನಡೆದ ಡೆವಲಪ್‌ಮೆಂಟ್ ಲೀಗ್‌ನಲ್ಲಿ ಬೆಂಗಳೂರು ಮೊದಲು, ಬ್ಲಾಸ್ಟರ್ಸ್ ಎರಡನೆಯದು. ಎರಡೂ ತಂಡಗಳ ಹುಡುಗರು ಇಂಗ್ಲೆಂಡಿಗೆ ಹೋಗಿ ಅಲ್ಲಿನ ದೊಡ್ಡ ಕ್ಲಬ್‌ಗಳ ಯುವ ತಂಡಗಳ ಎದುರು ಆಡಿ ಬಂದರು. ಮರುವರ್ಷವೂ ಬೆಂಗಳೂರೇ ಗೆದ್ದಿತು. ಇನ್ನೊಂದು ಕಡೆ, 2024ರ ಡಿಸೆಂಬರ್ 7ರಂದು ಕಂಠೀರವದಲ್ಲಿ ಬ್ಲಾಸ್ಟರ್ಸ್ ಎದುರು 4-2ರ ಗೆಲುವಿನಲ್ಲಿ ಮೂರು ಗೋಲು ಹೊಡೆದದ್ದು 40 ವರ್ಷದ ಛೆಟ್ರಿ. ನೀಲಿಯವರು ಆ ಹ್ಯಾಟ್ರಿಕ್‌ನ ವೀಡಿಯೊವನ್ನು ಇಂದಿಗೂ ಹಂಚ್ತಾರೆ, ಹಂಚಲಿ. ಆದರೆ ಯುವ ಲೀಗ್ ಎರಡು ಸಲ ಗೆದ್ದ ಕ್ಲಬ್‌ಗೆ ದೊಡ್ಡ ಪಂದ್ಯದಲ್ಲಿ 40 ವರ್ಷದವರೇ ಗೋಲು ಹೊಡೆಯಬೇಕಾಗಿ ಬಂತಲ್ಲ, ಆ 22ರ ಹುಡುಗರು ಎಲ್ಲಿದ್ದಾರೆ ಎಂದು ಹಳದಿ ಜೆರ್ಸಿಯ ತಮ್ಮ ಕೇಳಿದರೆ ಅಣ್ಣನ ಹತ್ತಿರ ಉತ್ತರ ಇರಬೇಕು. ತಮ್ಮನ ಹತ್ತಿರವೂ ಒಂದು ಉತ್ತರ ಇರಬೇಕು, ಕಂಠೀರವದಲ್ಲಿ 7 ಪಂದ್ಯ ಆಡಿ ಒಂದನ್ನೂ ಗೆಲ್ಲದ್ದಕ್ಕೆ.