ಡೇರೆಯೋ, ಜಗಲಿಯೋ?

ಚಾರಣದ ಬಗ್ಗೆ ನಮ್ಮ ಕಾರ್ಯಕ್ರಮದಲ್ಲಿ ಮಾತುಕತೆ ನಡೆದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಎರಡು ಮೂರು ದಿನ ನಡೆಯುವ ದಾರಿಯಲ್ಲಿ ರಾತ್ರಿ ಎಲ್ಲಿ ಮಲಗಬೇಕು? ಬೆನ್ನ ಮೇಲೆ ಹೊತ್ತು ತಂದ ಸ್ವಂತ ಡೇರೆಯಲ್ಲೋ, ದಾರಿಹೋಕರೆಲ್ಲ ತಂಗುವ ಸಾರ್ವಜನಿಕ ಸೂರಿನಡಿಯಲ್ಲೋ? ಸ್ಟುಡಿಯೋದ ದೀಪಗಳ ಕೆಳಗೆ ಇದಕ್ಕೆ ಎರಡು ವಾಕ್ಯದ ಉತ್ತರ ಸಿಗುತ್ತದೆ. ನಿಜವಾದ ಉತ್ತರ ಸ್ವಲ್ಪ ಉದ್ದ.

ನನಗೆ ಆ ಉತ್ತರ ಸಿಕ್ಕಿದ್ದು ಇಡಗುಂದಿಯಲ್ಲಿ. ಉತ್ತರ ಕನ್ನಡದ ಯಲ್ಲಾಪುರದಿಂದ ಅಂಕೋಲೆಯ ಕಡೆಗೆ ಹೊರಟರೆ, ಅರಬೈಲು ಘಟ್ಟದ ಇಳಿಜಾರು ಶುರುವಾಗುವ ಮೊದಲು ಈ ಊರು ಸಿಗುತ್ತದೆ. ಅಡಿಕೆ ತೋಟ, ದಟ್ಟ ಕಾಡು, ಆಷಾಢದಲ್ಲಿ ಬಿಡದೆ ಸುರಿಯುವ ಮಳೆ. ಕೆಲವು ವರ್ಷಗಳ ಹಿಂದೆ ಜಲಪಾತಗಳ ಚಿತ್ರೀಕರಣಕ್ಕೆ ಸ್ಥಳ ನೋಡಲು ಹೋಗಿದ್ದ ನಾವು ನಾಲ್ವರು, ಮುಂದೆ ಮರ ಬಿದ್ದು ರಸ್ತೆ ಬಂದ್ ಆದ ಕಾರಣ ಆ ಸುತ್ತಿನ ಒಂದು ಶಾಲೆಯ ಜಗಲಿಯಲ್ಲಿ ರಾತ್ರಿ ಕಳೆಯಬೇಕಾಯಿತು. ಅಲ್ಲಿ ಆಗಲೇ ಇಬ್ಬರು ಲಾರಿ ಚಾಲಕರು, ಒಬ್ಬ ಕ್ಲೀನರ್, ಮೊಮ್ಮಗನೊಂದಿಗೆ ಒಬ್ಬ ಅಜ್ಜಿ ಇದ್ದರು. ಚಾರಣಕ್ಕೆ ಬಂದಿದ್ದ ಇಬ್ಬರು ಕಾಲೇಜು ಹುಡುಗರು ಮಾತ್ರ, ಜಗಲಿಯ ಗದ್ದಲ ತಮಗೆ ಬೇಡವೆಂದು ಮೈದಾನದ ಮೂಲೆಯಲ್ಲಿ ಡೇರೆ ಹಾಕಿಕೊಂಡರು. ನಡುರಾತ್ರಿ ಕಂಬಳಿ, ಚೀಲ ಎಲ್ಲ ತೊಯ್ಸಿಕೊಂಡು ಅವರೂ ಒಳಗೆ ಬಂದರು. ಅಲ್ಲಿಗೆ ನಾವು ಹನ್ನೊಂದು ಜನ.

ಮೊದಲು ಆ ಹುಡುಗರಿಗೆ ಆದದ್ದೇನೆಂದು ನೋಡೋಣ. ಅವರ ಡೇರೆ ಸೋರಲಿಲ್ಲ. ಮಲಗಿರುವ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಒಂದು ರಾತ್ರಿಯಲ್ಲಿ ಸುಮಾರು ಕಾಲು ಲೀಟರಿನಷ್ಟು ನೀರನ್ನು ಆವಿಯಾಗಿ ಹೊರಬಿಡುತ್ತಾನೆ. ಇಬ್ಬರಿದ್ದರೆ ಅರ್ಧ ಲೀಟರು. ಮಳೆಗಾಲದ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಈ ಆವಿಗೆ ಹೋಗಲು ಜಾಗವಿಲ್ಲ. ಮಳೆ ತಾಗಿ ತಣ್ಣಗಾದ ಬಟ್ಟೆಯ ಒಳಮೈಗೆ ಅದು ಹನಿಗಟ್ಟುತ್ತದೆ, ಹನಿ ಕೂಡಿ ಕೆಳಗಿಳಿಯುತ್ತದೆ. ಇದರ ಜೊತೆಗೆ ನೆಲದಡಿ ಹರಿಯುವ ನೀರು. ಒದ್ದೆಯಾದ ಕಂಬಳಿಯಲ್ಲಿ ಮೈಯ ಶಾಖ ಬೇಗ ಸೋರಿಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹಿಮವಿಲ್ಲದಿದ್ದರೂ ಮನುಷ್ಯ ನಡುಗುವುದು ಹೀಗೆ. ಹಂಚಿನ ಸೂರಿನಡಿ ಈ ತೊಂದರೆ ಇಲ್ಲ. ಹಂಚುಗಳ ಸಂದಿನಿಂದ ಆವಿ ಮೇಲೆ ಹೋಗುತ್ತದೆ, ನೀರು ಮಾತ್ರ ಕೆಳಗೆ ಬರುವುದಿಲ್ಲ. ನಮ್ಮ ಹಿರಿಯರು ಭೌತಶಾಸ್ತ್ರ ಓದಿರಲಿಲ್ಲ, ಆದರೆ ಮನೆ ಕಟ್ಟಲು ಬಲ್ಲವರಾಗಿದ್ದರು.

ಇನ್ನೊಂದು ಲಾಭ ಶಾಖದ್ದು. ನಿದ್ರಿಸುವ ಪ್ರತಿಯೊಬ್ಬ ವಯಸ್ಕನೂ ಎಪ್ಪತ್ತು ಎಂಬತ್ತು ವಾಟ್‌ನಷ್ಟು ಶಾಖ ಹೊರಸೂಸುತ್ತಾನೆ. ಹತ್ತು ಜನ ಒಟ್ಟಿಗೆ ಮಲಗಿದರೆ ಒಂದು ಸಣ್ಣ ವಿದ್ಯುತ್ ಹೀಟರ್ ಉರಿದಂತೆಯೇ ಸರಿ.

ದಾರಿಯ ಸೂರು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಅರವಟ್ಟಿಗೆ, ಛತ್ರ, ಧರ್ಮಶಾಲೆ ಎಂಬ ಮಾತುಗಳೇ ಅದಕ್ಕೆ ಸಾಕ್ಷಿ. ಹುಬ್ಬಳ್ಳಿ ಧಾರವಾಡದ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆ, ಕಾರವಾರದ ಬಂದರುಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಗಾಡಿಯವರು ದಾರಿಯುದ್ದಕ್ಕೂ ತಂಗುತ್ತಿದ್ದರು. ಇಂದಿಗೂ ಭಾರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಉಳವಿ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ಜೊಯಿಡಾದ ಕಾಡಿಗೆ ಬರುತ್ತಾರೆ, ದಾರಿಯಲ್ಲಿ ಗುಂಪಾಗಿ ಬೀಡು ಬಿಡುತ್ತಾರೆ. ಶಿವರಾತ್ರಿಗೆ ಬೆಂಗಳೂರಿನಿಂದ ಚಾರ್ಮಾಡಿ ಘಟ್ಟದ ಮೂಲಕ ಧರ್ಮಸ್ಥಳಕ್ಕೆ ನಡೆಯುವವರು, ಯುಗಾದಿಗೆ ಬಾಗಲಕೋಟೆ, ವಿಜಯಪುರದ ಕಡೆಯಿಂದ ಶ್ರೀಶೈಲಕ್ಕೆ ಹೊರಡುವವರು ಶಾಲೆ, ಗುಡಿ, ಚಪ್ಪರಗಳಲ್ಲಿ ಸಾಲಾಗಿ ಮಲಗುತ್ತಾರೆ. ಇವರು ಯಾರೂ ಡೇರೆ ಹೊತ್ತು ನಡೆದವರಲ್ಲ. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರು ನಡೆಯುವವರಿಗೆ ಎರಡು ಮೂರು ಕಿಲೋ ಹೆಚ್ಚಿನ ಭಾರ ಎಂದರೆ ಏನೆಂದು ಮೊಣಕಾಲನ್ನು ಕೇಳಿದರೆ ಗೊತ್ತಾಗುತ್ತದೆ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಹಳೆಯ ಜಗಲಿ, ಹಳೆಯ ಛತ್ರ ಎಲ್ಲರಿಗೂ ಒಂದೇ ಆಗಿರಲಿಲ್ಲ. ಯಾರು ಒಳಗೆ, ಯಾರು ಅಂಗಳದಲ್ಲಿ, ಯಾರು ಅಂಗಳದಿಂದಲೂ ಆಚೆ ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಬಂದವರನ್ನು ಕುಲ ಕೇಳದೆ ಒಳಗೆ ಬಿಟ್ಟುಕೊಳ್ಳುವುದೇ ಸಾರ್ವಜನಿಕ ತಂಗುದಾಣದ ನಿಜವಾದ ಹಿರಿಮೆ. ತಮಾಷೆಯೆಂದರೆ ಅದರ ತೊಂದರೆಗಳೂ ಹುಟ್ಟುವುದು ಅಲ್ಲಿಂದಲೇ. ಬಾಗಿಲು ಎಲ್ಲರಿಗೂ ತೆರೆದಿದ್ದರೆ ಗೊರಕೆ ಹೊಡೆಯುವವನು ಬರುತ್ತಾನೆ, ಕೆಮ್ಮುವವನು ಬರುತ್ತಾನೆ, ಇಲಿಯೂ ಬರುತ್ತದೆ.

ಅಮೆರಿಕದಲ್ಲಿ ಅಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿ ಇದೆ. ಜಾರ್ಜಿಯಾದಿಂದ ಮೇನ್‌ವರೆಗೆ ಹದಿನಾಲ್ಕು ರಾಜ್ಯಗಳಲ್ಲಿ ಸುಮಾರು 3,500 ಕಿಲೋಮೀಟರು ಉದ್ದ, 1937ರಲ್ಲಿ ಪೂರ್ಣಗೊಂಡಿತು. ದಾರಿಯುದ್ದಕ್ಕೂ ಇನ್ನೂರೈವತ್ತಕ್ಕೂ ಹೆಚ್ಚು ತಂಗುದಾಣಗಳಿವೆ. ಹೆಚ್ಚಿನವು ಮೂರು ಗೋಡೆ, ಒಂದು ಮಾಡು, ಒಂದು ಮರದ ಹಾಸು, ಅಷ್ಟೇ. ಥೇಟ್ ನಮ್ಮ ಜಗಲಿ! ಬಹುಪಾಲು ಕಡೆ ಮೊದಲು ಬಂದವರಿಗೆ ಮೊದಲ ಜಾಗ. ಅಲ್ಲಿನ ನಡಿಗೆಯವರ ದೊಡ್ಡ ದೂರು ಕರಡಿಯದಲ್ಲ, ಇಲಿಯದು. ಎರಡನೆಯದು ಹೊಟ್ಟೆಯದು. ನೊರೋವೈರಸ್ ಎಂಬ ವೈರಾಣು ಆ ದಾರಿಯಲ್ಲಿ ಹಲವು ಬಾರಿ ವಾಂತಿ ಭೇದಿ ಹರಡಿದೆ. ಒಬ್ಬನಿಗೆ ಬಂದರೆ ಮುಟ್ಟಿದ ಚೊಂಬು, ಹಿಡಿದ ಚಿಲಕ, ಹಂಚಿಕೊಂಡ ತಿಂಡಿಯ ಮೂಲಕ ಎಲ್ಲರಿಗೂ ದಾಟುತ್ತದೆ. ಗಮನಿಸಿ, ಈಗ ಎಲ್ಲರ ಜೇಬಿನಲ್ಲಿರುವ ಸ್ಯಾನಿಟೈಸರ್ ಈ ವೈರಾಣುವಿನ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸಾಬೂನು ಹಚ್ಚಿ ನೀರಿನಲ್ಲಿ ಚೆನ್ನಾಗಿ ಕೈ ತೊಳೆಯುವುದೇ ದಾರಿ.

ನಮ್ಮ ಜಗಲಿಯಲ್ಲೂ ಇವೆರಡೂ ನಡೆದವು. ಒಂದೇ ಕೊಡಪಾನ, ಅದಕ್ಕೆ ಎಲ್ಲರೂ ಅದ್ದುವ ಒಂದೇ ಲೋಟ. ಮರುದಿನ ನಮ್ಮಲ್ಲಿ ಮೂವರಿಗೆ ಹೊಟ್ಟೆ ಕೆಟ್ಟಿತು. ಯಾವ ರೋಗಾಣುವೋ ಹೇಳಲಾರೆ. ನೀರು ಕುದಿಸಿರಲಿಲ್ಲ ಎಂಬುದಂತೂ ನಿಜ. ವಿಜ್ಞಾನದ ಪದವಿ ಪಡೆದ ನಾನೇ ಆ ಲೋಟವನ್ನು ಎರಡು ಬಾರಿ ಅದ್ದಿದ್ದೆ. ಇಲಿಯ ವಿಷಯದಲ್ಲಿ ನನ್ನ ಜಾಣತನ ಇನ್ನೂ ದೊಡ್ಡದು. ಯಾರೂ ಮುಟ್ಟದಿರಲೆಂದು ಅವಲಕ್ಕಿ ಪೊಟ್ಟಣವಿದ್ದ ಚೀಲವನ್ನೇ ತಲೆದಿಂಬು ಮಾಡಿಕೊಂಡಿದ್ದೆ. ಬೆಳಗ್ಗೆ ಚೀಲದಲ್ಲಿ ತೂತು, ಕಿವಿಯ ಪಕ್ಕದಲ್ಲಿ ಅವಲಕ್ಕಿ. ಪಕ್ಕದಲ್ಲಿದ್ದ ಅಜ್ಜಿ ತಮ್ಮ ಗಂಟನ್ನು ಜಂತೆಗೆ ಹಗ್ಗದಿಂದ ತೂಗುಹಾಕಿದ್ದರು. "ನೀವು ತಮ್ಮಾ, ಇಲಿಗೆ ಹಾಸಿಗೆ ಹಾಸಿ ಕೊಟ್ರಿ" ಎಂದು ನಕ್ಕರು.

ನಗುವ ವಿಷಯ ಅಷ್ಟಕ್ಕೇ ನಿಂತರೆ ಸರಿ. ಇಲಿಯ ಮೂತ್ರ ಬಿದ್ದ ನೀರಿನಿಂದ ಇಲಿಜ್ವರ ಬರುತ್ತದೆ. ಕಾಲಿನಲ್ಲಿ ಗಾಯವಿದ್ದು ಅಂಥ ನೀರಿನಲ್ಲಿ ನಡೆದರೂ ಸಾಕು. ಇಲಿಯ ಹಿಂದೆಯೇ ಹಾವೂ ಬರುತ್ತದೆ. ನೆಲದಲ್ಲಿ ಮಲಗುವವರು ಮುಖ್ಯವಾಗಿ ತಿಳಿದಿರಬೇಕಾದದ್ದು ಕಟ್ಟುಹಾವಿನ ಬಗ್ಗೆ. ಅದು ರಾತ್ರಿ ಓಡಾಡುವ ಹಾವು. ಅದರ ಕಡಿತ ಹೆಚ್ಚಾಗಿ ನೋಯುವುದಿಲ್ಲ, ಊದುವುದಿಲ್ಲ. ಇರುವೆ ಕಚ್ಚಿತೆಂದು ಮಗ್ಗುಲು ಬದಲಿಸಿದವರುಂಟು. ಕೆಲವು ಗಂಟೆಗಳ ಬಳಿಕ ಹೊಟ್ಟೆನೋವು, ರೆಪ್ಪೆ ಎತ್ತಲಾಗದಿರುವುದು, ನುಂಗಲು ಕಷ್ಟ, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಸಹವಾಸಿಗಳಲ್ಲಿ ಯಾರಿಗಾದರೂ ಹೀಗಾದರೆ ಬೆಳಗಾಗಲಿ ಎಂದು ಕಾಯಬೇಡಿ. ಕಟ್ಟು ಕಟ್ಟುವುದು, ಕೊಯ್ಯುವುದು ಬೇಡ. ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಔಷಧ ನಮ್ಮ ದೇಶದಲ್ಲಿ ತಯಾರಾಗುತ್ತದೆ. ಹಾಸಿಗೆಯ ಅಡಿಗೆ ಅಂಚು ಸಿಕ್ಕಿಸಿದ ಸೊಳ್ಳೆಪರದೆ ಸೊಳ್ಳೆಯನ್ನಷ್ಟೇ ಅಲ್ಲ, ಈ ಹಾವನ್ನೂ ದೂರವಿಡುತ್ತದೆ. ಜಿಪ್ ಎಳೆದ ಡೇರೆಯೂ ಅಷ್ಟೇ. ಇದು ಡೇರೆಯ ಪರವಾದ ಗಟ್ಟಿ ವಾದ, ಒಪ್ಪಲೇಬೇಕು.

ಬೇಸಗೆಯಲ್ಲಿ ಲೆಕ್ಕ ಮತ್ತೆ ತಿರುಗುತ್ತದೆ. ಸಿದ್ದಾಪುರಕ್ಕೆ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಹೆಸರು ನೀವು ಕೇಳಿದ್ದೀರಿ. ಸಿದ್ದಾಪುರದ ಹಳ್ಳಿಗಳೂ ಅದರಿಂದ ಸಾವು ಕಂಡಿವೆ. ವೈರಾಣುವನ್ನು ಹರಡುವುದು ಉಣುಗು. ಅದರ ಮರಿಗಳು ಡಿಸೆಂಬರಿನಿಂದ ಮೇ ತನಕ ಕಾಡಿನ ತರಗೆಲೆಯಲ್ಲಿ ಹೆಚ್ಚಾಗಿರುತ್ತವೆ, ಸಾಸಿವೆಯಂತೆ ಸಣ್ಣವು. ಚಾರಣಕ್ಕೆ ಹೇಳಿ ಮಾಡಿಸಿದ ತಿಂಗಳುಗಳೂ ಅವೇ! ಒಣ ಎಲೆಯ ಮೇಲೆ ಡೇರೆ ಹಾಸಿ, ಹೊರಗೆ ಕೂತು ಹರಟುವವರಿಗಿಂತ ಗುಡಿಸಿದ ಎತ್ತರದ ಜಗಲಿಯಲ್ಲಿ ಮಲಗುವವರು ಕ್ಷೇಮ. ಆ ಜಗಲಿ ದನದ ಕೊಟ್ಟಿಗೆಗೆ ಅಂಟಿಕೊಂಡಿರಬಾರದು, ಏಕೆಂದರೆ ಬೆಳೆದ ಉಣುಗು ದನದ ಮೈಯಲ್ಲಿರುತ್ತದೆ. ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಹಂಚುವ ಉಣುಗು ನಿವಾರಕ ಎಣ್ಣೆಯನ್ನು ಕಾಡಿಗೆ ಇಳಿಯುವ ಮೊದಲೇ ಹಚ್ಚಿಕೊಳ್ಳಿ. ಹಿಂತಿರುಗಿದ ಕೆಲವು ದಿನಗಳಲ್ಲಿ ಜ್ವರ ಬಂದರೆ ಯಾವ ಕಾಡಿಗೆ ಹೋಗಿದ್ದಿರೆಂದು ವೈದ್ಯರಿಗೆ ಹೇಳಿ.

ಇನ್ನು ನಿದ್ರೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ಸರಿಯಾಗಿ ನಿದ್ದೆ ಬಾರದಿರುವುದು ನಿಮ್ಮ ಅನುಭವಕ್ಕೂ ಬಂದಿರಬೇಕು. ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದಕ್ಕೊಂದು ಕಾರಣ ತೋರಿಸಿದರು. ಅಪರಿಚಿತ ಜಾಗದಲ್ಲಿ ಮಿದುಳಿನ ಎಡ ಅರ್ಧ ಬಲ ಅರ್ಧದಷ್ಟು ಆಳವಾಗಿ ನಿದ್ರಿಸುವುದಿಲ್ಲ. ಅದು ಕಾವಲು ಕೂರುತ್ತದೆ, ಸಣ್ಣ ಸದ್ದಿಗೂ ಎಚ್ಚರಗೊಳ್ಳುತ್ತದೆ. ಇದರ ಮೇಲೆ ಲಾರಿ ಚಾಲಕರ ಗೊರಕೆ. ನಾನು ಆ ರಾತ್ರಿ ಗಡಿಯಾರವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಕಿವಿಗೆ ಹತ್ತಿ ಉಂಡೆ ಇಟ್ಟುಕೊಳ್ಳುವುದು ಅಗ್ಗದ ಉಪಾಯ. ಆದರೆ ಮರುದಿನ ಘಟ್ಟ ಇಳಿಯುವವರು ನಿದ್ದೆಗೆಟ್ಟ ಕಾಲುಗಳು ಜಾರುತ್ತವೆ ಎಂಬುದನ್ನು ಮರೆಯಬಾರದು. ಅಂದಿನ ನಡಿಗೆಯನ್ನು ಕಡಿಮೆ ಮಾಡಿಕೊಳ್ಳುವುದೇ ಮೇಲು.

ಚಳಿಗೆ ಹೆದರಿ ಬಾಗಿಲು ಕಿಟಕಿ ಎಲ್ಲ ಮುಚ್ಚಿ ಮಲಗುವ ಅಭ್ಯಾಸ ಒಳ್ಳೆಯದಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಹತ್ತು ಲಕ್ಷಕ್ಕೆ 420 ಭಾಗಕ್ಕಿಂತ ತುಸು ಹೆಚ್ಚಿದ್ದರೆ, ನಾವು ಬಿಡುವ ಉಸಿರಿನಲ್ಲಿ ಸುಮಾರು 40,000 ಭಾಗ ಇರುತ್ತದೆ. ಹತ್ತು ಜನ ತುಂಬಿದ ಮುಚ್ಚಿದ ಕೋಣೆಯಲ್ಲಿ ಬೆಳಗ್ಗೆ ತಲೆ ಭಾರವಾಗುವುದು ಸಹಜ. ಒಬ್ಬರ ನೆಗಡಿ ಹತ್ತು ಜನಕ್ಕೆ ಹರಡುವುದೂ ಇಂಥಲ್ಲೇ. ಮೂರು ಗೋಡೆಯ ಜಗಲಿಯಲ್ಲಿ ಈ ಭಯ ಬಹಳ ಕಡಿಮೆ. ಇದೆಲ್ಲಕ್ಕಿಂತ ಭಯಂಕರವಾದದ್ದು ಮುಚ್ಚಿದ ಕೋಣೆಯೊಳಗೆ ಅಥವಾ ಡೇರೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಳ್ಳುವುದು. ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಎಷ್ಟೇ ಚಳಿಯಿರಲಿ, ಯಾರು ಎಷ್ಟೇ ಒತ್ತಾಯಿಸಲಿ, ಬೇಡ ಎನ್ನಿ.

ಗುಡ್ಡದ ನೆತ್ತಿಯ ಕಲ್ಲುಮಂಟಪಗಳ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಕುಮಾರ ಪರ್ವತದ ದಾರಿಯಲ್ಲಿ ಅಂಥ ಒಂದು ಕಲ್ಲುಮಂಟಪ ಇದೆ. ನಾಲ್ಕು ಕಡೆ ತೆರೆದ ಮಂಟಪ ಮಳೆಯನ್ನು ತಡೆಯುತ್ತದೆಯೇ ಹೊರತು ಸಿಡಿಲನ್ನಲ್ಲ. ಗುಡುಗು ಕೇಳಿಸಿದರೆ ನೆತ್ತಿಯಿಂದ ಕೆಳಗಿಳಿಯಿರಿ. ಅಂದಹಾಗೆ, 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರ ಜಾತ್ರೆಯೇ ನೆರೆದ ಬಳಿಕ ಅರಣ್ಯ ಇಲಾಖೆ ಮುಂಗಡ ನೋಂದಣಿಯನ್ನು ಬಿಗಿ ಮಾಡಿತು. ಕಾಡಿನೊಳಗೆ ರಾತ್ರಿ ತಂಗಬಹುದೇ ಇಲ್ಲವೇ ಎಂಬುದನ್ನು ಹೊರಡುವ ಮೊದಲೇ ಇಲಾಖೆಯಲ್ಲಿ ವಿಚಾರಿಸಿ. ಡೇರೆ ಇದೆಯೆಂದು ಬೇಕಾದಲ್ಲಿ ಹಾಕುವಂತಿಲ್ಲ.

ವಿದ್ಯಾರ್ಥಿನಿಯರಿಗೆ ಒಂದು ಮಾತು. ಅಪರಿಚಿತರ ನಡುವೆ ಮಲಗುವಾಗ ಮನಸ್ಸು ಒಪ್ಪದಿದ್ದರೆ ಸಂಕೋಚಪಡದೆ ಜಾಗ ಬದಲಿಸಿ. ಯಾರು ಏನೆಂದುಕೊಳ್ಳುತ್ತಾರೋ ಎಂದು ರಾತ್ರಿಯಿಡೀ ಕುಗ್ಗಿ ಕೂರಬೇಕಾಗಿಲ್ಲ. ಗುಂಪಾಗಿ ಹೋಗಿ; ಎಲ್ಲಿ ತಂಗಿದ್ದೀರೆಂದು ಮನೆಗೂ, ಆ ಊರಿನ ಪಂಚಾಯಿತಿಯವರಿಗೋ ಮಾಸ್ತರಿಗೋ ಅಕ್ಕೋರಿಗೋ ತಿಳಿಸಿರಿ. ನಮ್ಮ ತಂಡದ ಸಹಾಯಕಿ ಅಂದು ಅಜ್ಜಿಯ ಪಕ್ಕ, ಗೋಡೆಯ ಬದಿಗೆ ಮಲಗಿದ್ದರು. ಆ ವ್ಯವಸ್ಥೆ ಮಾಡಿದ್ದು ನಾನಲ್ಲ, ಅಜ್ಜಿಯೇ.

ಹಾಗಾದರೆ ನನ್ನ ಆಯ್ಕೆ ಯಾವುದು? ಘಟ್ಟದ ಮಳೆಯಲ್ಲಾದರೆ ಎರಡು ಮಾತಿಲ್ಲದೆ ಸೂರು. ಒಣ ದಿನಗಳಲ್ಲಿ, ಅನುಮತಿ ಇರುವ ಬಯಲಿನಲ್ಲಿ, ನಿದ್ದೆ ಬೇಕೆನ್ನುವವರಿಗೆ ಡೇರೆ. ಸೂರನ್ನು ಆರಿಸಿಕೊಂಡರೂ ಸೊಳ್ಳೆಪರದೆ, ಸ್ವಂತ ಲೋಟ, ಒಂದು ತುಂಡು ಸಾಬೂನು, ತಿಂಡಿ ತೂಗುಹಾಕಲು ನಾಲ್ಕು ಮಾರು ಹಗ್ಗ ಇವಿಷ್ಟನ್ನು ಬಿಟ್ಟು ಹೊರಡಬೇಡಿ. ಒಟ್ಟು ತೂಕ ಡೇರೆಯ ಕಾಲು ಭಾಗವೂ ಆಗದು. ಮತ್ತೊಂದು, ಮೊದಲು ಬಂದವರು ಕಾಲು ಚಾಚಿ ಜಾಗ ಹಿಡಿಯುವುದಲ್ಲ. ಕತ್ತಲಾದ ಮೇಲೆ ನೆನೆದು ಬರುವವನಿಗೆ ಒಂದು ಚಾಪೆಯಷ್ಟು ಜಾಗ ಉಳಿಸಿಟ್ಟು ಮಲಗಿ. ಆ ಹುಡುಗರು ನಡುರಾತ್ರಿ ಬಂದಾಗ ಕ್ಲೀನರ್ ಹುಡುಗ ಮಾತಿಲ್ಲದೆ ಎದ್ದು ತನ್ನ ಹಾಸಿಗೆಯನ್ನು ಗೋಡೆಗೆ ಒತ್ತಿ ಹಾಕಿದ್ದನ್ನು ನಾನು ನೋಡಿದ್ದೇನೆ. ಸಂಜೆ ಅವರು ನಮ್ಮನ್ನು ನೋಡಿ ಮೂಗು ಮುರಿದಿದ್ದವರು.

ಬೆಳಗ್ಗೆ ಶಾಲೆ ತೆರೆಯುವ ಮೊದಲು ಎಲ್ಲರೂ ಸೇರಿ ಜಗಲಿ ಗುಡಿಸಿ, ನೀರು ಹಾಕಿ ತೊಳೆದೆವು. ನನ್ನ ಅವಲಕ್ಕಿಯನ್ನು ನಾನೇ ಹೆಕ್ಕಿದೆ. ಅಷ್ಟರಲ್ಲಿ ಕೊಡೆ ಹಿಡಿದು ಮಾಸ್ತರು ಬಂದರು. ನಾವು ಯಾರು, ಯಾವ ಊರು, ಯಾರನ್ನು ಕೇಳಿ ಮಲಗಿದಿರಿ ಎಂದು ವಿಚಾರಿಸುತ್ತಾರೆಂದು ಉತ್ತರ ಹೊಂದಿಸಿಕೊಂಡು ನಿಂತಿದ್ದೆ. ಅವರು ಕೊಡೆ ಮಡಚಿ, ನಮ್ಮನ್ನೆಲ್ಲ ಒಮ್ಮೆ ನೋಡಿ, ಕೇಳಿದ್ದು ಒಂದೇ: "ಆಸರಿಗೆ ಆತಾ?"