ಹೆಬ್ಬೆಟ್ಟಿಗೆ ಮುನ್ನ ತಿಳಿವಳಿಕೆ

ನಾವು ಇಂದು ನಿಶ್ಚಿಂತೆಯಿಂದ ಸೇವಿಸುವ ಮಾತ್ರೆ, ಲಸಿಕೆಗಳ ಹಿಂದೆ ಯಾರೋ ಅಪರಿಚಿತರು ತಮ್ಮ ದೇಹವನ್ನೇ ಪರೀಕ್ಷೆಗೆ ಒಡ್ಡಿದ ಉಪಕಾರವಿದೆ. ಅದು ತಿಳಿದು ಮಾಡಿದ್ದಾದರೆ ದಾಸೋಹ. ತಿಳಿಸದೆ ಮಾಡಿಸಿದ್ದಾದರೆ ಶೋಷಣೆ. ಇವೆರಡರ ನಡುವಣ ಗೆರೆಯನ್ನು ಕಾಯುವುದೇ ನೈತಿಕ ಸಮಿತಿಗಳ ಕರ್ತವ್ಯ.

ನಮ್ಮ ನಾಡಿನದೇ ನಿದರ್ಶನವನ್ನು ನೋಡೋಣ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವವನ್ನು ಕುರಿತ ಅಧ್ಯಯನ ನಡೆಯಿತು. ಅದರಲ್ಲಿ 1620 ತಾಯಂದಿರು ಪಾಲ್ಗೊಂಡರು. ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧಾಂಶವಿಲ್ಲದ ಹುಸಿಮಾತ್ರೆ. ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿದದ್ದು ಸಿದ್ಧವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದೇ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಹುಸಿಮಾತ್ರೆ ಪಡೆದ ತಾಯಿಯ ರಕ್ಷಣೆ ಹೇಗೆ ಎಂಬ ಪ್ರಶ್ನೆಯನ್ನು ಇಂತಹ ಪ್ರತಿಯೊಂದು ಅಧ್ಯಯನದಲ್ಲಿಯೂ ಯಾರಾದರೂ ಕೇಳಲೇಬೇಕು.

ಕೇಳುವವರಿಲ್ಲದಿದ್ದರೆ ಆಗುವುದೇನೆಂಬುದನ್ನು ನೆರೆಯ ಖಮ್ಮಂ ತೋರಿಸಿತು. 2009ರಲ್ಲಿ ಅಲ್ಲಿ ಸಾವಿರಾರು ಬಾಲಕಿಯರಿಗೆ ಗರ್ಭಕಂಠ ಕ್ಯಾನ್ಸರ್ ತಡೆಯುವ ಲಸಿಕೆ ನೀಡಲಾಯಿತು. ಅನೇಕ ಮಕ್ಕಳ ಪರವಾಗಿ ಹೆತ್ತವರಲ್ಲ, ವಸತಿನಿಲಯದ ವಾರ್ಡನ್‌ಗಳೇ ಸಹಿ ಹಾಕಿದ್ದರು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಕೆಲವು ಬಾಲಕಿಯರ ಸಾವಿಗೆ ಲಸಿಕೆಯೇ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ದೋಷ ಕಂಡದ್ದು ಒಪ್ಪಿಗೆ ಪಡೆದ ರೀತಿಯಲ್ಲಿ. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯೂ ಇದನ್ನು ತೀವ್ರವಾಗಿ ಖಂಡಿಸಿತು.

ಬಳಿಕ ನಿಯಮಗಳು ಬಿಗಿಯಾದವು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ನೈತಿಕ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು. ಅರ್ಧದಷ್ಟಾದರೂ ಆ ಸಂಸ್ಥೆಯ ಹೊರಗಿನವರಾಗಿರಬೇಕು. ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞ, ಒಬ್ಬ ಜನಸಾಮಾನ್ಯ ಇರಲೇಬೇಕು. ಸಮಾಜವಿಜ್ಞಾನಿ, ಧರ್ಮಶಾಸ್ತ್ರಜ್ಞ ಮೊದಲಾದವರಲ್ಲಿ ಒಬ್ಬರಿಗೂ ಸ್ಥಾನವಿದೆ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರಗಳು ಪಾಲ್ಗೊಂಡವರ ಹಕ್ಕು.

ಆದರೂ ಸುಧಾರಣೆ ಮುಗಿದಿಲ್ಲ. ಔಷಧ ಪ್ರಯೋಗಗಳ ಸಮಿತಿಗಳು ಒಂದು ಇಲಾಖೆಯಲ್ಲಿ, ಇತರ ಆರೋಗ್ಯ ಸಂಶೋಧನೆಯ ಸಮಿತಿಗಳು ಇನ್ನೊಂದರಲ್ಲಿ ನೋಂದಣಿಯಾಗುತ್ತವೆ. ಸಂಶೋಧನೆ ನಡೆಸುವ ಸಂಸ್ಥೆಯೇ ಸಾಮಾನ್ಯವಾಗಿ ಸಮಿತಿಯನ್ನು ನೇಮಿಸುತ್ತದೆ. ನೋಂದಣಿಯ ನಂತರ ಹಳ್ಳಿಗೇ ಬಂದು ಪರಿಶೀಲಿಸುವ ಸ್ವತಂತ್ರ ವ್ಯವಸ್ಥೆ ಬಲಗೊಳ್ಳಬೇಕು. ಅಧ್ಯಯನದ ಫಲಿತಾಂಶವನ್ನು ಪಾಲ್ಗೊಂಡವರಿಗೆ ಕನ್ನಡದಲ್ಲಿಯೇ ತಿಳಿಸಬೇಕು ಎಂಬುದು ನಮ್ಮ ಅಭಿಮತ.

ನೆಲೋಗಿಯಲ್ಲಾಗಲಿ, ಆಳಂದ, ಅಫಜಲಪುರ, ಜೇವರ್ಗಿ ಭಾಗದ ಯಾವುದೇ ಊರಿನಲ್ಲಾಗಲಿ, ರಕ್ತದ ಮಾದರಿಗಾಗಿಯೋ ಹೊಸ ಔಷಧಕ್ಕಾಗಿಯೋ ಸಂಶೋಧಕರು ಮನೆಬಾಗಿಲಿಗೆ ಬಂದರೆ ಸದ್ಭಕ್ತರು ಹೀಗೆ ಕೇಳಬೇಕು: ಇದು ಚಿಕಿತ್ಸೆಯೋ, ಸಂಶೋಧನೆಯೋ? ಅನುಮತಿ ನೀಡಿದ ಸಮಿತಿ ಯಾವುದು, ಅದರ ದೂರವಾಣಿ ಯಾವುದು? ತೊಂದರೆಯಾದರೆ ಹೊಣೆ ಯಾರದು? ಒಪ್ಪಿಗೆ ಪತ್ರದ ಪ್ರತಿಯನ್ನು ಕನ್ನಡದಲ್ಲಿ ಪಡೆದಿಟ್ಟುಕೊಳ್ಳಬೇಕು. ಓದುಬಾರದವರು ಹೆಬ್ಬೆಟ್ಟು ಒತ್ತುವಾಗ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಜೊತೆಗಿರಲೇಬೇಕು. ಒಲ್ಲೆ ಎನ್ನುವುದಕ್ಕೂ, ಒಪ್ಪಿದ ಮೇಲೆ ನಡುವೆಯೇ ಹಿಂದೆ ಸರಿಯುವುದಕ್ಕೂ ಅವಕಾಶವಿದೆ. ಅದರಿಂದ ಆಸ್ಪತ್ರೆಯ ಚಿಕಿತ್ಸೆ ತಪ್ಪುವಂತಿಲ್ಲ.

ಸಂಶೋಧನೆಯನ್ನು ದೂರವಿಡುವುದು ವಿವೇಕವಲ್ಲ. ಅರಿಯದೆ ಒಪ್ಪುವುದೂ ವಿವೇಕವಲ್ಲ. ಅರಿತು ನೀಡಿದ ಒಪ್ಪಿಗೆಯಿಂದಲೇ ವಿಜ್ಞಾನಕ್ಕೂ ಗೌರವ, ಜೀವಕ್ಕೂ ರಕ್ಷಣೆ.